ಬಾತುಕೋಳಿ ಕಾಲು

ಡಿಸೆಂಬರ್ 9, 2025, ಮಂಗಳವಾರ
ಚಿಕ್ಕಮಗಳೂರು, ರಾತ್ರಿ ಹತ್ತೂವರೆ

ಊಟದ ಟೇಬಲ್ ಮೇಲೆ ಪೇಪರ್ ಹಾಸಿ, ಓಡುವ ಹಳೇ ಶೂ ಎರಡನ್ನೂ ಬೋರಲು ಹಾಕಿಕೊಂಡು ಕೂತಿದ್ದೇನೆ. ಸುಮಾ ಒಂದು ಸಲ ಬಂದು ನೋಡಿದಳು. ಏನೂ ಅನ್ನದೆ ಹೋದಳು. ಬೈದಿದ್ದರೇ ವಾಸಿ ಇತ್ತು.

ಎಡಗಾಲಿನ ಮಂಡಿ ನೋವಿಗೆ ಇವತ್ತಿಗೆ ಮೂರು ವಾರ. ರತ್ನಗಿರಿ ಬೋರೆ ಹತ್ತುವಾಗ ಏನೂ ಇಲ್ಲ. ಇಳಿಯುವಾಗ ಮಂಡಿಚಿಪ್ಪಿನ ಸುತ್ತ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ಡಾಕ್ಟರು ಅಲುಗಾಡಿಸಿ ನೋಡಿ, ಗಾಬರಿ ಏನಿಲ್ಲ, ಸ್ವಲ್ಪ ದಿನ ಇಳಿಜಾರು ಬಿಡಿ, ಶೂ ಬದಲಿಸಿ ಅಂದರು. ಎಂಥ ಶೂ ತಗೊಳ್ಳಲಿ ಅಂತ ಕೇಳಿದೆ. "ಒಳ್ಳೇದು ತಗೊಳ್ಳಿ" ಅಂದರು. ಒಳ್ಳೇದು ಬೇಡ ಅಂತ ಯಾರಾದರೂ ಅಂಗಡಿಗೆ ಹೋಗುತ್ತಾರಾ?

ಶೂ ವಿಷಯದಲ್ಲಿ ನಾನು ಒಂದು ಸಲ ಪೆಟ್ಟು ತಿಂದವನು. ಆಗಸ್ಟ್‌ನಲ್ಲಿ ಪ್ರಸನ್ನನ ಮಾತು ಕೇಳಿ ಅವನು ಹಾಕುವಂಥದ್ದೇ ತಗೊಂಡೆ. ಪ್ರಸನ್ನ 58 ಕೆಜಿ. ಓಡುವಾಗ ಅವನ ಹಿಮ್ಮಡಿ ನೆಲಕ್ಕೆ ತಾಗುವುದೇ ಕಾಣುವುದಿಲ್ಲ, ಮುಂಗಾಲಿನಲ್ಲೇ ಬೆಕ್ಕಿನ ಹಾಗೆ ಹೋಗುತ್ತಾನೆ. ನಾನು 81 ಕೆಜಿ, ಹಿಮ್ಮಡಿ ಊರಿಕೊಂಡು ಓಡುವವನು. ಅವನ ಶೂ ಡ್ರಾಪ್ 4 ಮಿ.ಮೀ. ನನ್ನ ಹಳೇದು 10. ಹಿಮ್ಮಡಿ ಕೆಳಗಿನ ದಪ್ಪದಲ್ಲಿ ಬೆರಳ ಬುಡದ ಕೆಳಗಿನ ದಪ್ಪ ಕಳೆದರೆ ಉಳಿಯುವುದೇ ಈ ಡ್ರಾಪ್. ಆರು ಮಿಲಿಮೀಟರ್ ವ್ಯತ್ಯಾಸ ಅಂದರೆ ಒಂದು ತೊಗರಿಬೇಳೆ ಅಗಲ, ಅಷ್ಟೇ. ಆ ತೊಗರಿಬೇಳೆ ನನ್ನ ಮೀನಖಂಡವನ್ನು ಎರಡು ವಾರ ಕಲ್ಲು ಮಾಡಿತ್ತು. ಹಿಮ್ಮಡಿ ಕೆಳಗಿಳಿದಷ್ಟೂ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟಿರುವ ಸ್ನಾಯುರಜ್ಜುವಿನ ಮೇಲೆ ಎಳೆತ ಜಾಸ್ತಿ. ಎತ್ತರ ಇದ್ದರೆ ಭಾರ ಸ್ವಲ್ಪ ಮಂಡಿ ಕಡೆಗೆ ಹೋಗುತ್ತದೆ. ಎಲ್ಲೋ ಒಂದು ಕಡೆ ಕಂದಾಯ ಕಟ್ಟಲೇಬೇಕು. ಶೂನ ತಪ್ಪೇನೂ ಇರಲಿಲ್ಲ, ಅದು ಪ್ರಸನ್ನನ ಕಾಲಿನ ಶೂ. ಈಗ ಹಾಲು ತರುವುದಕ್ಕೆ ಹಾಕಿಕೊಳ್ಳುತ್ತೇನೆ. ಆರು ಸಾವಿರ ರೂಪಾಯಿಯ ಹಾಲಿನ ಚಪ್ಪಲಿ.

ಬರೆಯಬೇಕು ಅಂತ ಕೂತದ್ದು ಇದಲ್ಲ. ಬೆಳಿಗ್ಗೆಯದು.

ಬೆಳಿಗ್ಗೆ ಸ್ನಾನ ಮುಗಿಸಿ, ಕಾಲು ಒರೆಸಿಕೊಳ್ಳದೆ, ಬಚ್ಚಲ ಹೊರಗಿನ ಕೆಂಪು ನೆಲದ ಮೇಲೆ ಒಂದೊಂದೇ ಪಾದ ಊರಿ ಎತ್ತಿ ನೋಡುತ್ತಿದ್ದೆ. ಒದ್ದೆ ಹೆಜ್ಜೆ ನೋಡಿ ಪಾದ ಎಂಥದ್ದು ಅಂತ ತಿಳಿಯುವ ಹಳೇ ಉಪಾಯ. ನಡುವೆ ಚಂದಕ್ಕೆ ಬಾಗಿದ್ದರೆ ಸಾಧಾರಣ ಪಾದ. ಹಿಮ್ಮಡಿ ಬೇರೆ, ಮುಂಗಾಲು ಬೇರೆ ಆಗಿ ಮೂಡಿ, ನಡುವೆ ಸಣ್ಣ ಎಳೆ ಮಾತ್ರ ಇದ್ದರೆ ಅಂಗಾಲಿನ ಗುಳಿ ಜಾಸ್ತಿ ಅಂತ ಅರ್ಥ. ಅಂಥ ಪಾದ ಬಿಗಿ ಇರುವುದರಿಂದ ನೆಲದ ಪೆಟ್ಟನ್ನು ತಾನಾಗಿ ಹೀರುವುದು ಕಡಿಮೆ, ಮೆತ್ತಗಿನ ಶೂ ಬೇಕು ಅಂತಾರೆ. ಇಡೀ ಪಾದ ಮೂಡಿದರೆ ಚಪ್ಪಟೆ. ಓಡುವಾಗ ಒಳಗಡೆಗೆ ವಾಲುವ ಜಾತಿ.

"ಎಂತ ಮಗಾ ಅದು, ಮೈ ಒರೆಸ್ಕೊಳ್ಳದೆ ಕುಣೀತಿದ್ದೀಯ?"

ಅಮ್ಮ ಅಡುಗೆಮನೆ ಬಾಗಿಲಲ್ಲಿ.

"ಶೂ ತಗೊಳ್ಳೋಕೆ ಅಮ್ಮ. ಕಾಲು ನೋಡ್ಕೊಳ್ತಿದ್ದೀನಿ."

"ಇಷ್ಟು ವರ್ಷ ನೋಡಿರಲಿಲ್ವಾ?"

ವಿವರಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಕನ್ನಡಕ ತಂದು, ಗೋಡೆ ಹಿಡಿದು ಬಗ್ಗಿ, ಪಂಚಾಂಗ ನೋಡುವಷ್ಟು ಶ್ರದ್ಧೆಯಿಂದ ನೋಡಿದಳು. ಹೆಜ್ಜೆಯ ಅಂಚು ಆಗಲೇ ಆರುತ್ತಿತ್ತು. ಇನ್ನೊಂದು ಇಡು ಅಂದಳು. ಇಟ್ಟೆ.

"ಸೊಂಟವೇ ಇಲ್ಲ ಇದಕ್ಕೆ. ಇಟ್ಟಿಗೆ ಇಟ್ಟ ಹಂಗಿದೆ. ಕೃಷ್ಣಾಷ್ಟಮಿಗೆ ಮುಷ್ಟಿ ಒತ್ತಿ ಹೆಜ್ಜೆ ಬರೀತೀವಲ್ಲ, ಹಂಗಿರಬೇಕು ಕಾಲು."

"ನಂದು ಹಂಗಿಲ್ಲ."

"ನಿಮ್ಮಪ್ಪಂದೂ ಇರಲಿಲ್ಲ. ಬಾತುಕೋಳಿ ಕಾಲು. ಮಳೆಗಾಲದಲ್ಲಿ ತೋಟದಿಂದ ಬಂದು ಗಂಬೂಟು ಬಿಚ್ಚಿ ಒಳಗೆ ಕಾಲಿಟ್ಟರೆ ನೆಲದ ತುಂಬ ಇವೇ. ನಾನು ಒರೆಸ್ತಾ ಹಿಂದೆ ಹೋಗೋದು, ಅವರು ಇನ್ನೊಂದು ಕೋಣೆಗೆ ಹೋಗೋದು. ಬೇರೆ ಯಾರ ಹೆಜ್ಜೆ ಅಂತ ಕೇಳೋ ಹಂಗೇ ಇರಲಿಲ್ಲ."

ಆಮೇಲೆ ಹವಾಯಿ ಚಪ್ಪಲಿ ಕಥೆ. ಅಪ್ಪನ ಚಪ್ಪಲಿ ಯಾವಾಗಲೂ ಒಳಗಡೆ ಅಂಚಿನಲ್ಲೇ ಸವೆಯುತ್ತಿತ್ತಂತೆ. ಹೆಬ್ಬೆರಳ ಕೆಳಗೆ ನೆಲ ಕಾಣುವ ಹಾಗಾದರೂ ಹೊರಗಡೆ ಅಂಚು ಹೊಸದರ ಹಾಗೇ. "ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ಕೊಳ್ಳಿ, ಇನ್ನೊಂದು ತಿಂಗಳು ಬರ್ತದೆ ಅಂತಿದ್ದೆ. ಒಂದಿನ ಹಾಕ್ಕೊಂಡೇ ಬಿಟ್ರು ಮಾರಾಯ, ಲೈನ್ ಮನೆ ಕೂಲಿಯವರೆಲ್ಲ ನಗೋ ಹಂಗೆ."

ಇಬ್ಬರೂ ನಕ್ಕೆವು. ಅಪ್ಪನ ಬಗ್ಗೆ ಹೀಗೆ ನಕ್ಕು ಬಹಳ ದಿನ ಆಗಿತ್ತು.

"ನಲವತ್ತೈದಕ್ಕೇ ಮಂಡಿ ಹಿಡ್ಕೊಂಡು ಏಳೋಕೆ ಶುರು ಮಾಡಿದ್ರು ಪಾಪ" ಅಂದಳು. ಅಂದು, ಉಪ್ಪಿಟ್ಟು ತಣ್ಣಗಾಗ್ತದೆ ಬಾ ಅಂತ ಒಳಗೆ ಹೋದಳು.

ನನಗೆ ಮಾರ್ಚ್‌ಗೆ 45.

ಆಫೀಸಿನಲ್ಲಿ ಇಡೀ ದಿನ ಇದೇ ತಲೆಯಲ್ಲಿ. ಅದೇ ಕಾಲು, ಅದೇ ಮಂಡಿ, ಅದೇ ವಯಸ್ಸು. ಆದರೆ ಮಧ್ಯಾಹ್ನ ಒಂದು ವಿಷಯ ನೆನಪಾಗಿ ಸ್ವಲ್ಪ ಸಮಾಧಾನ ಆಯಿತು. ಅಮೆರಿಕದ ಸೇನೆ, ವಾಯುಪಡೆ, ಮರೀನ್ ದಳ ಮೂರರಲ್ಲೂ ಹೊಸದಾಗಿ ಸೇರಿದವರ ಮೇಲೆ ಒಂದು ಪರೀಕ್ಷೆ ಮಾಡಿದ್ದರು. 2009, 2010ರಲ್ಲಿ ಅದರ ವರದಿಗಳು ಬಂದವು. ಅರ್ಧ ಜನಕ್ಕೆ ಪಾದದ ಅಚ್ಚು ನೋಡಿ ಅದಕ್ಕೆ ತಕ್ಕ ಶೂ ಕೊಟ್ಟರು. ಗುಳಿ ಜಾಸ್ತಿ ಇದ್ದವರಿಗೆ ಮೆತ್ತಗಿನದು, ಚಪ್ಪಟೆ ಪಾದದವರಿಗೆ ಒಳಗಡೆ ಗಟ್ಟಿ ಇರುವುದು, ಹೀಗೆ. ಉಳಿದವರಿಗೆ ಅಚ್ಚು ಏನೇ ಇರಲಿ ಎಲ್ಲರಿಗೂ ಒಂದೇ ಬಗೆಯದು. ಕೊನೆಗೆ ಲೆಕ್ಕ ಹಾಕಿದರೆ ಎರಡು ಗುಂಪಿನಲ್ಲೂ ಕಾಲು ನೋವು ಮಾಡಿಕೊಂಡವರು ಹೆಚ್ಚುಕಡಿಮೆ ಒಂದೇ ಪ್ರಮಾಣ. ನೆಲದ ಮೇಲಿನ ಅಚ್ಚು ನಿಂತ ಕಾಲಿನದು. ಓಡುವ ಕಾಲು ಏನು ಮಾಡುತ್ತದೆ ಅಂತ ಅದಕ್ಕೇನು ಗೊತ್ತು? ಅಪ್ಪನ ಮಂಡಿ ಹೋದದ್ದು ಪಾದದಿಂದಲೋ, ಮೂವತ್ತು ವರ್ಷ ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಕೆಲಸದಲ್ಲಿ ಆಲ್ದೂರಿನ ಇಳಿಜಾರು ಹತ್ತಿಳಿದದ್ದರಿಂದಲೋ. ಅವರೇನು ಬೆಳಿಗ್ಗೆ ಐದು ಕಿಲೋಮೀಟರ್ ಓಡಿ ಮನೆಗೆ ಬಂದು ಬಾಳೆಹಣ್ಣು ತಿಂದವರಾ?

ಸಂಜೆ ಐ.ಜಿ. ರಸ್ತೆಗೆ ಹೋದೆ. ಸಂಜೆಯೇ ಹೋಗಬೇಕು. ದಿನವಿಡೀ ನಡೆದು ಪಾದ ಊದಿರುತ್ತದೆ, ಓಡುವಾಗಲೂ ಹಾಗೇ ಊದುತ್ತದೆ. ಓಡುವ ಸಾಕ್ಸ್ ಕೂಡ ಜೇಬಲ್ಲಿ ಇಟ್ಟುಕೊಂಡು ಹೋಗಿದ್ದೆ. ಇಷ್ಟೆಲ್ಲ ಬುದ್ಧಿ ಇದ್ದವನು ಅಂಗಡಿ ಒಳಗೆ ಹೋದ ಎರಡು ನಿಮಿಷಕ್ಕೆ ಮರುಳಾದೆ.

ಹುಡುಗ ಒಂದು ದಪ್ಪ ಸೋಲಿನ ಶೂ ತಂದಿಟ್ಟ. ಇಡ್ಲಿ ತಟ್ಟೆ ಮೇಲೆ ಇಡ್ಲಿ ಜೋಡಿಸಿದ ಹಾಗಿತ್ತು ಸೋಲು. ಬೆರಳಲ್ಲಿ ಒತ್ತಿ ತೋರಿಸಿದ. "ಮೋಡದ ಮೇಲೆ ನಿಂತ ಹಂಗೆ ಸಾರ್." ನಿಂತೆ. ನಿಜಕ್ಕೂ ಹಾಗೇ. ಇಡೀ ದಿನದ ಮಂಡಿ ಚಿಂತೆ ಒಂದೇ ಸಲ ಇಳಿಯಿತು. ಎಂಟು ಸಾವಿರ ಚಿಲ್ಲರೆ. ಫೋನ್ ತೆಗೆದು ದುಡ್ಡು ಕೊಡುವವನಿದ್ದೆ.

"ಅಂಕಲ್, ಓಡಿ ನೋಡಿದ್ರಾ?"

ಮೈದಾನದಲ್ಲಿ ದಿನಾ ನೋಡುವ ಹುಡುಗಿ. 800 ಮೀಟರ್ ಓಡುತ್ತಾಳೆ. ನಾನು ಒಂದು ಸುತ್ತು ಮುಗಿಸುವಷ್ಟರಲ್ಲಿ ನನ್ನನ್ನು ಎರಡು ಸಲ ದಾಟಿ ಹೋಗುವವಳು. ಸ್ಪೈಕ್ಸ್, ಅಂದರೆ ಅಡಿಗೆ ಮೊಳೆ ಇರುವ ಶೂ, ಕೇಳಲು ಬಂದಿದ್ದಳು. ಅಂಕಲ್ ಅಂದದ್ದು ಮಂಡಿಗಿಂತ ಮೇಲೆ ಎಲ್ಲೋ ತಾಗಿತು. ಇರಲಿ.

"ಇಲ್ಲೇ ಓಡಲಾ?"

"ಹೊರಗೆ ಓಡಿ. ನಿಂತ್ರೆ ಎಲ್ಲ ಶೂನೂ ಚೆನ್ನಾಗೇ ಇರ್ತದೆ."

ಹುಡುಗನಿಗೆ ಇಷ್ಟ ಇರಲಿಲ್ಲ, ಆದರೂ ಬಿಟ್ಟ. ಸಂಜೆ ಆರೂವರೆಗೆ ಐ.ಜಿ. ರಸ್ತೆಯಲ್ಲಿ, ಇನ್ ಶರ್ಟ್ ಮಾಡಿಕೊಂಡ 81 ಕೆಜಿ ಮನುಷ್ಯ ಅಂಗಡಿ ಮುಂದೆ ಹೋಗಿ ಬರುತ್ತಾ ಓಡಿದ. ಗುರುತಿನವರು ಇಬ್ಬರು ಸಿಕ್ಕರು. ಒಬ್ಬರು "ಏನ್ ಸಾರ್ ಅರ್ಜೆಂಟು" ಅಂದರು.

ಮೋಡ ಹತ್ತು ಹೆಜ್ಜೆಗೆ ಕರಗಿತು. ಮೆತ್ತಗೆ ಇದ್ದದ್ದು ಹೌದು, ಆದರೆ ಎಡಪಾದ ಪ್ರತಿ ಸಲ ಒಳಗಡೆಗೆ ಜಾರಿ ಕೂತ ಹಾಗೆ. ಕೆಸರುಗದ್ದೆ ಬದುವಿನ ಮೇಲೆ ನಡೆದಂತೆ. ಅವಳು ಶೂ ಕೈಗೆ ತಗೊಂಡು ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದಳು. ಸಲೀಸಾಗಿ ತಿರುಗಿತು. ಹಿಮ್ಮಡಿ ಹಿಂದಿನ ಭಾಗವನ್ನು ಹಿಚುಕಿದಳು, ಅದೂ ಬಗ್ಗಿತು. "ನಿಮ್ ಕಾಲಿಗೆ ಇಷ್ಟು ಮೆತ್ತಗೆ ಬೇಡ ಅಂಕಲ್. ಕುಷನ್ ಇರ್ಲಿ, ಆದ್ರೆ ಹಿಡಿತಾನೂ ಇರ್ಬೇಕು." ನಿಂಬಸ್, ಕಯಾನೊ ಅಂತ ಏಸಿಕ್ಸ್ ಕಂಪನಿಯ ಶೂ ಎರಡು ಇವೆಯಲ್ಲ, ಅವನ್ನು ಹೇಳಿದಳು. ಎರಡರಲ್ಲೂ ಕುಷನ್ ಧಾರಾಳ, ಕಯಾನೊ ಮಾತ್ರ ಪಾದ ಒಳಕ್ಕೆ ವಾಲದಂತೆ ಆಸರೆ ಕೊಡುತ್ತದೆ. ಅಂಗಡಿಯಲ್ಲಿ ಎರಡೂ ಇರಲಿಲ್ಲ. ಬೆರಳ ತುದಿಗೆ ಒಂದು ಹೆಬ್ಬೆರಳಗಲ ಜಾಗ ಬಿಟ್ಟು ತಗೊಳ್ಳಿ ಅಂದಳು. ಅದು ಗೊತ್ತಿತ್ತು. ಜಾಗ ಬಿಡದೆ ತಗೊಂಡು ಬೋರೆ ಇಳಿದು, ಎರಡು ಉಗುರು ಕಪ್ಪಾಗಿ ಕಳಚಿಬಿದ್ದ ಮೇಲೆ ಗೊತ್ತಾಗಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

"ಅಂಕಲ್, ಇನ್ನೊಂದು ಹೇಳ್ಲಾ? ನೀವು ಕಾಲನ್ನ ತುಂಬಾ ಮುಂದಕ್ಕೆ ಎಸೀತೀರಿ. ಹಿಮ್ಮಡಿ ಬ್ರೇಕ್ ಹಾಕಿದ ಹಂಗೆ ಬೀಳ್ತದೆ. ಮೈದಾನದಲ್ಲಿ ಹಿಂದೆಯಿಂದ ಸೌಂಡ್ ಕೇಳಿದ್ರೆ ನೀವೇ ಅಂತ ಗೊತ್ತಾಗ್ತದೆ. ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಹಾಕಿ."

ಅಪ್ಪನಿಗೆ ಹೆಜ್ಜೆ ಗುರುತು, ನನಗೆ ಹೆಜ್ಜೆ ಸದ್ದು.

ಹಿಮ್ಮಡಿ ಮೊದಲು ಊರುವುದು ಮಹಾಪರಾಧವೇನಲ್ಲ. ದೂರ ಓಡುವವರಲ್ಲಿ ಬಹಳ ಜನ ಹಾಗೇ ಓಡುತ್ತಾರೆ. ಅವರಿಗೆ ಹಿಮ್ಮಡಿ ಕೆಳಗೆ ಕುಷನ್ ಇರಬೇಕು, ಪ್ರಸನ್ನನಂಥವರಿಗೆ ಮುಂಗಾಲ ಕೆಳಗೆ. ಆದರೆ ಕಾಲು ಮೈಗಿಂತ ಅಷ್ಟು ಮುಂದೆ ಬೀಳುವುದನ್ನು ಯಾವ ಶೂ ತಾನೇ ಸರಿ ಮಾಡುತ್ತದೆ? ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ನನ್ನ ಲೆಕ್ಕಕ್ಕೆ ಐವತ್ತು ಕೆಜಿಯ ನಾಲ್ಕು ಮೂಟೆ ಕಾಫಿ. ಒಂದು ಮಂಡಿ ಮೇಲೆ. ಒಂದು ಹೆಜ್ಜೆಗೆ.

"ಹಳೇ ಶೂ ತರಬೇಕಿತ್ತು, ಸೋಲ್ ನೋಡಿದ್ರೆ ಗೊತ್ತಾಗ್ತಿತ್ತು. ಎಷ್ಟು ವರ್ಷದ್ದು?"

"ಇತ್ತೀಚೆಗೆ ತಗೊಂಡಿದ್ದು" ಅಂದೆ. ಹಾಗೇ ಅಂದುಕೊಂಡಿದ್ದೆ ಕೂಡ.

ಏನೂ ತಗೊಳ್ಳದೆ ಬಂದೆ. ಅದಕ್ಕೇ ಈಗ ಟೇಬಲ್ ಮೇಲೆ ಶೂ.

ಬಿಲ್ ಹುಡುಕಿದೆ. ಫೆಬ್ರವರಿ 2024. ವಾರಕ್ಕೆ ಹದಿನೆಂಟು ಕಿಲೋಮೀಟರ್ ಹಿಡಿದರೂ, ಎರಡು ಮಳೆಗಾಲ ಮತ್ತು ನನ್ನ ಸೋಮಾರಿತನ ಕಳೆದು ಎಪ್ಪತ್ತು ವಾರ. 1,260 ಕಿಲೋಮೀಟರ್. ಸಾಧಾರಣವಾಗಿ ಒಂದು ಜೊತೆ 500ರಿಂದ 800 ಕಿಲೋಮೀಟರ್‌ಗೆ ಸಾಕಾಗುತ್ತದೆ ಅಂತಾರೆ. ಫೋಮ್ ಅಂದರೆ ಸಣ್ಣ ಸಣ್ಣ ಗಾಳಿಗುಳ್ಳೆ. ಒತ್ತಿ ಒತ್ತಿ ಅವು ಆಮೇಲೆ ಉಬ್ಬುವುದೇ ಇಲ್ಲ. ಮೇಲಿನ ಬಟ್ಟೆ ಹೊಸದರ ಹಾಗೇ ಇರುತ್ತದೆ, ಅದನ್ನು ನೋಡಿ ನಾವು ಮೋಸ ಹೋಗುತ್ತೇವೆ. ಸಾಲದ್ದಕ್ಕೆ ಜುಲೈಯಲ್ಲಿ ಒಣಗಲಿ ಅಂತ ಹಂಡೆ ಒಲೆ ಪಕ್ಕ ಇಟ್ಟಿದ್ದೆ. ಪೇಪರ್ ಉಂಡೆ ತುರುಕಿ ಗಾಳಿಗಿಡಬೇಕು, ಬೆಂಕಿ ಹತ್ತಿರ ಇಡಬಾರದು. ಅಂಟು ಬಿಟ್ಟು ಬಲಗಾಲಿನ ಮೂತಿ ಬಾಯಿ ತೆರೆದಿದೆ. ಈ ಚಳಿಯಲ್ಲಿ ಬೆಳಿಗ್ಗೆ ಫೋಮ್ ಇನ್ನೂ ಬಿರುಸು.

ಈ ಮಧ್ಯೆ ಕರೆಂಟ್ ಹೋಗಿ ಬಂತು. ಮೊಬೈಲ್ ಬೆಳಕಲ್ಲಿ ಸೋಲು ಇನ್ನೂ ಚೆನ್ನಾಗಿ ಕಂಡಿತು. ಹಿಮ್ಮಡಿಯ ಹೊರ ಅಂಚು ಎರಡೂ ಕಡೆ ಸವೆದಿದೆ, ಅದು ಎಲ್ಲರದ್ದೂ ಹಾಗೇ. ಎಡಗಾಲಿನದು ಹೆಬ್ಬೆರಳ ಬುಡದಲ್ಲಿ ನುಣ್ಣಗಾಗಿದೆ. ಬೆರಳಾಡಿಸಿದರೆ ಕನ್ನಡಿ. ಪಕ್ಕಕ್ಕೆ ನಿಲ್ಲಿಸಿದರೆ ಎಡದ್ದು ಒಳಗಡೆಗೆ ವಾಲಿ ನಿಲ್ಲುತ್ತದೆ, ಕಾಲಿಲ್ಲದಿದ್ದರೂ.

ಅಪ್ಪನ ಚಪ್ಪಲಿಯದೇ ಜಾಗ. ಮಧ್ಯಾಹ್ನದ ಸಮಾಧಾನ ಅರ್ಧ ಹೋಯಿತು. ಇನ್ನರ್ಧ ಈ 1,260ಕ್ಕೆ ಜೋತುಬಿದ್ದಿದೆ. ಸತ್ತ ಶೂ ಹಾಕಿಕೊಂಡು ಅಪ್ಪನನ್ನು ದೂರುತ್ತಿದ್ದೇನಾ?

ಭಾನುವಾರ ಬೆಂಗಳೂರಿಗೆ ಹೋಗುವ ಕೆಲಸ ಇದೆ. ಅಲ್ಲಿ ಅಗಲ ಪಾದಕ್ಕೆ 2ಇ ಅಂತ ಬೇರೆ ಅಳತೆಯೇ ಸಿಗುತ್ತದಂತೆ. ಹಳೇ ಶೂ ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಸುಮಾಗೆ ಇನ್ನೂ ಹೇಳಿಲ್ಲ. ಹಾಲಿನ ಚಪ್ಪಲಿಯ ನೆನಪು ಅವಳಿಗೆ ಚೆನ್ನಾಗಿದೆ.

ಈಗ ಕೈ ತೊಳೆಯೋಣ ಅಂತ ಬಚ್ಚಲ ಕಡೆ ಹೋಗಿದ್ದೆ. ಅಮ್ಮ ಮಲಗುವ ಮುಂಚೆ ಕಾಲು ತೊಳೆದು ಹೋಗಿದ್ದಾಳೆ. ಕೆಂಪು ನೆಲದ ಮೇಲೆ, ಬೆಳಿಗ್ಗೆ ನಾನು ನಿಂತಿದ್ದ ಜಾಗದಲ್ಲೇ, ಒಂದು ಒದ್ದೆ ಹೆಜ್ಜೆ ಇತ್ತು. ಒಂದೇ. ನಡೆದು ಹೋದದ್ದಲ್ಲ, ಊರಿ ಎತ್ತಿದ್ದು. ಪುಟ್ಟ ಹಿಮ್ಮಡಿ, ಮುಂಗಾಲು, ಐದು ಬೆರಳು. ನಡುವೆ ಏನೂ ಇಲ್ಲ, ಒಂದು ದಾರದಷ್ಟು ನೀರು ಬಿಟ್ಟರೆ.

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುತ್ತದೆ ಅಂತ ಅವಳು ಎಷ್ಟು ದಿನದಿಂದ ಹೇಳುತ್ತಿದ್ದಾಳೆ. ಎಣ್ಣೆ ಹಚ್ಚು ಅಂದಿದ್ದೆ ನಾನು. ಬಾಗಿಲ ಹತ್ತಿರ ಅವಳ ಹವಾಯಿ ಚಪ್ಪಲಿ ಇದೆ. ಕಾಗದದಷ್ಟು ತೆಳ್ಳಗಾಗಿದೆ. ನಂಬರ್ ಅಳಿಸಿಹೋಗಿದೆ, ಐದು ಇರಬಹುದು, ಅಥವಾ ಆರು. ಕೇಳಿದರೆ ಹೇಳಲ್ಲ. ಪೇಪರ್ ಮೇಲಿಟ್ಟು ಪೆನ್ನಿನಲ್ಲಿ ಸುತ್ತ ಗೀಚಿಕೊಂಡರೆ