ಮರದ ಗುರುದ್ವಾರ, ನೆಲದ ಪಂಕ್ತಿ

ವ್ಯಾಂಕೂವರಿನಿಂದ ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ ಆಬಟ್ಸ್‌ಫರ್ಡ್ ಪಟ್ಟಣಕ್ಕೆ ನಾವು ಹೊರಟದ್ದು ಜುಲೈ ತಿಂಗಳ ಒಂದು ಭಾನುವಾರ. ಊರು ಸಮೀಪಿಸಿದಂತೆ ಬ್ಲೂಬೆರಿ ತೋಟಗಳು ಕಾಣತೊಡಗಿದವು. ತಲೆಗೆ ದುಪಟ್ಟಾ ಬಿಗಿದ ವಯಸ್ಸಾದ ಪಂಜಾಬಿ ಹೆಂಗಸರು ಸಾಲಿನುದ್ದಕ್ಕೂ ಹಣ್ಣು ಬಿಡಿಸುತ್ತಿದ್ದರು.

ನಾವು ನೋಡಬೇಕೆಂದಿದ್ದ ಗುರ್ ಸಿಖ್ ಟೆಂಪಲ್ ಸೌತ್ ಫ್ರೇಸರ್ ವೇ ರಸ್ತೆಯ ಬದಿಯಲ್ಲಿದೆ. ಗುರುದ್ವಾರವೆಂದರೆ ಅಮೃತಶಿಲೆ, ಗುಮ್ಮಟ ಎಂದುಕೊಂಡು ಹೋದವರಿಗೆ ಅಲ್ಲಿ ಎದುರಾಗುವುದು ಎತ್ತರದ ಚೌಕ ಮುಂಗೋಡೆಯ ಒಂದು ಮರದ ಕಟ್ಟಡ. ಶತಮಾನದ ಹಿಂದಿನ ಕೆನಡಾದ ಪೇಟೆಬೀದಿಯ ಅಂಗಡಿಯಂತೆಯೇ ಇದೆ. ಇಲ್ಲಿನ ಮರದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸಿಖ್ಖರು, ಕಾರ್ಖಾನೆಯವರು ಕೊಟ್ಟ ಮರವನ್ನು ಮಿಲ್ ಲೇಕ್ ದಡದಿಂದ ಬೆನ್ನ ಮೇಲೆ ಹೊತ್ತು ತಂದು, 1911ರಲ್ಲಿ ಇದನ್ನು ಕಟ್ಟಿ ಮುಗಿಸಿದರು. 2002ರಲ್ಲಿ ಕೆನಡಾ ಸರ್ಕಾರ ಇದನ್ನು ರಾಷ್ಟ್ರೀಯ ಐತಿಹಾಸಿಕ ತಾಣವೆಂದು ಘೋಷಿಸಿತು.

ನೆಲಮಾಳಿಗೆಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಛಾಯಾಚಿತ್ರಗಳ ಮುಂದೆ ಬಹಳ ಹೊತ್ತು ನಿಂತೆವು. ಸ್ವದೇಶದಿಂದ ನಡುವೆ ಎಲ್ಲೂ ತಂಗದೆ ನೇರವಾಗಿ ಬಂದವರಿಗಷ್ಟೇ ಪ್ರವೇಶವೆಂದು 1908ರಲ್ಲಿ ಕೆನಡಾ ನಿಯಮ ಮಾಡಿತು. ಭಾರತದಿಂದ ಹಾಗೆ ಬರುವ ಹಡಗೇ ಇರಲಿಲ್ಲವಾದ್ದರಿಂದ, ಅದು ಬಾಗಿಲು ಮುಚ್ಚುವ ಸಭ್ಯ ಉಪಾಯವಾಗಿತ್ತು. 1914ರಲ್ಲಿ 376 ಪ್ರಯಾಣಿಕರೊಡನೆ ಬಂದ ಕೊಮಗಾಟ ಮಾರು ಹಡಗನ್ನು ಎರಡು ತಿಂಗಳು ವ್ಯಾಂಕೂವರ್ ಬಂದರಿನಲ್ಲಿ ತಡೆದು, ಬಹುತೇಕ ಎಲ್ಲರನ್ನೂ ಹಿಂದಕ್ಕೆ ಕಳುಹಿಸಲಾಯಿತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲಾಗದೆ ವರ್ಷಗಟ್ಟಲೆ ಒಂಟಿಯಾಗಿ ಬದುಕಿದ ಗಂಡಸರಿಗೆ ಗುರುದ್ವಾರವೇ ಮನೆಯೂ ಅಡುಗೆಮನೆಯೂ ಆಗಿತ್ತೆಂಬುದು ಆಗ ಅರ್ಥವಾಯಿತು. ಮತದಾನದ ಹಕ್ಕು ದೊರೆತದ್ದು 1947ರಲ್ಲಿ.

ಊಟ ರಸ್ತೆಯಾಚೆಯ ಹೊಸ, ದೊಡ್ಡ ಗುರುದ್ವಾರದಲ್ಲಿ. ನೆಲದ ಮೇಲೆ ಉದ್ದಕ್ಕೂ ಹಾಸಿದ ಜಮಖಾನೆಯ ಮೇಲೆ ಕುಳಿತು ರೊಟ್ಟಿ, ದಾಲ್, ಖೀರು ಉಂಡೆವು. ಹೀಗೆ ಸಾಲಾಗಿ ಕೂರುವುದನ್ನು ಅವರು ಪಂಗತ್ ಎನ್ನುತ್ತಾರೆ, ನಮ್ಮ ಪಂಕ್ತಿಯೇ. ಆದರೆ ಪಂಕ್ತಿಭೇದವೆಂಬ ಪದವನ್ನೂ ಕೇಳಿ ಬೆಳೆದ ನನಗೆ, ಭೇದ ಅಳಿಸಲೆಂದೇ ಹುಟ್ಟಿದ ಪಂಕ್ತಿಯಲ್ಲಿ ಕೂರುವಾಗ ಸ್ವಲ್ಪ ಮುಜುಗರವಾಯಿತು. ಈ ನೆಲದ ಊಟಕ್ಕೂ ಇಲ್ಲಿ ಜಗಳದ ಚರಿತ್ರೆಯಿದೆ. ಈ ಪ್ರಾಂತದ ಕೆಲವು ಗುರುದ್ವಾರಗಳಲ್ಲಿ ಮೇಜು ಕುರ್ಚಿಗಳು ದಶಕಗಳಿಂದ ರೂಢಿಯಲ್ಲಿದ್ದವು. ಅವನ್ನು ತೆಗೆಯಬೇಕೆಂದು 1998ರಲ್ಲಿ ಸಿಖ್ಖರ ಪರಮೋಚ್ಚ ಧರ್ಮಪೀಠವಾದ ಅಮೃತಸರದ ಅಕಾಲ್ ತಖ್ತ್ ಹುಕುಂನಾಮೆ, ಅಂದರೆ ಧಾರ್ಮಿಕ ಆಜ್ಞೆ, ಹೊರಡಿಸಿದಾಗ ಸಮುದಾಯವೇ ಎರಡಾಯಿತು. ಪರದೇಶದಲ್ಲಿ ಸಂಪ್ರದಾಯವನ್ನು ಎಲ್ಲರೂ ಒಮ್ಮನಸ್ಸಿನಿಂದ ಕಾಪಾಡುತ್ತಾರೆಂಬ ನನ್ನ ಕಲ್ಪನೆಗೆ ಅಲ್ಲಿ ಪೆಟ್ಟು ಬಿತ್ತು. ಮಗ್ಗುಲಲ್ಲಿ ಅಜ್ಜಿ ಪಂಜಾಬಿಯಲ್ಲಿ ಗದರುತ್ತಿದ್ದರೆ ಮೊಮ್ಮಗ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ. ಇಬ್ಬರಿಗೂ ಅದು ಸಹಜವೆನಿಸಿದಂತಿತ್ತು.

ರೊಟ್ಟಿ ಬಡಿಸುತ್ತಿದ್ದ ಹಿರಿಯರೊಬ್ಬರು ನಮ್ಮ ಊರು ಯಾವುದೆಂದು ಹಿಂದಿಯಲ್ಲಿ ಕೇಳಿದರು. ಕರ್ನಾಟಕವೆಂದೆ. ಅವರ ಮುಖ ಅರಳಿತು. "ಬೀದರ್!" ಎಂದವರೇ ರೊಟ್ಟಿಯ ಬುಟ್ಟಿಯನ್ನು ಕೆಳಗಿಟ್ಟು ಕೈಮುಗಿದರು. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಯೊಪ್ಪಿಸಲು ಎದ್ದುನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಬೀದರಿನ ಗುರುದ್ವಾರವಾದ ನಾನಕ್ ಝೀರಾದ ಸಿಹಿನೀರಿನ ಬುಗ್ಗೆಯ ಕಥೆಯೂ ಆ ಹಿರಿಯರಿಗೆ ಬಾಯಿಪಾಠವಾಗಿತ್ತು. ಆ ನೀರು ಹೇಗಿರುತ್ತದೆಂದು ಆಸೆಯಿಂದ ಕೇಳಿದರು. ನಾನು ಇದುವರೆಗೂ ಬೀದರಿಗೆ ಹೋಗಿಲ್ಲವೆಂದು ಹೇಳಲು ನಾಚಿ, ಇನ್ನೊಂದು ರೊಟ್ಟಿಗಾಗಿ ಎರಡೂ ಕೈ ಚಾಚಿದೆ.