ಕೈಕೋರಾದಲ್ಲಿ ಡಾಲ್ಫಿನ್‌ಗಳ ಆಟಕ್ಕೆ ಇಳಿಯುವ ಮುನ್ನ

ಡಾಲ್ಫಿನ್‌ಗಳ ಜೊತೆ ಈಜಲು ನ್ಯೂಜಿಲೆಂಡಿನ ಕಡಲತೀರದ ಊರು ಕೈಕೋರಾಕ್ಕೆ ಹೋಗುವವರು ಅಲ್ಲಿ ಎರಡು ರಾತ್ರಿಯಾದರೂ ಉಳಿಯಿರಿ. ಕ್ರೈಸ್ಟ್‌ಚರ್ಚ್‌ನಿಂದ ಸುಮಾರು 180 ಕಿ.ಮೀ., ಎರಡೂವರೆ ಗಂಟೆಯ ದಾರಿ. ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು ಎಂದು ನಾವೂ ಮೊದಲು ಯೋಚಿಸಿದ್ದೆವು. ಆದರೆ ನಾವು ಹೋದ ದಿನ ಗಾಳಿ ಜೋರಾಗಿ ಒಂದು ದೋಣಿಯೂ ಹೊರಡಲಿಲ್ಲ. ಇನ್ನೊಂದು ದಿನ ಕೈಯಲ್ಲಿದ್ದುದರಿಂದ ಪ್ರವಾಸ ಉಳಿಯಿತು.

ಟಿಕೆಟ್ ತೆಗೆಯುವಾಗ ಮುಂಜಾನೆಯ ಮೊದಲ ದೋಣಿಯನ್ನೇ ಕೇಳಿ. ಇಲ್ಲಿ ದಡಕ್ಕೆ ತೀರಾ ಹತ್ತಿರದಲ್ಲೇ ಕಡಲಡಿಯಲ್ಲಿ ಸಾವಿರ ಮೀಟರಿಗೂ ಹೆಚ್ಚು ಆಳದ ಕಮರಿಯಿದೆ. ರಾತ್ರಿ ಅಲ್ಲಿಂದ ಮೇಲೇರಿ ಬರುವ ಸಣ್ಣ ಮೀನು, ಸ್ಕ್ವಿಡ್‌ಗಳನ್ನು ಡಸ್ಕಿ ಡಾಲ್ಫಿನ್‌ಗಳು ಬೇಟೆಯಾಡುತ್ತವೆ. ಬೆಳಕು ಹರಿಯುವ ಹೊತ್ತಿಗೆ ಹೊಟ್ಟೆ ತುಂಬಿಸಿಕೊಂಡು ದಡದ ಕಡೆಗೆ ಸರಿಯುತ್ತವೆ. ಆಗ ಅವುಗಳಿಗೆ ಬಿಡುವು, ಆಟಕ್ಕೆ ಮನಸ್ಸಿರುತ್ತದೆ.

ನೀರಿಗಿಳಿದ ಮೊದಲ ಐದು ನಿಮಿಷ ನನ್ನ ಹತ್ತಿರ ಒಂದೂ ಸುಳಿಯಲಿಲ್ಲ. ಸುಮ್ಮನೆ ತೇಲುವವರಲ್ಲಿ ಅವಕ್ಕೆ ಆಸಕ್ತಿಯಿಲ್ಲ. ಉಸಿರಾಡಲು ಬಾಯಲ್ಲಿಟ್ಟುಕೊಳ್ಳುವ ಸ್ನಾರ್ಕೆಲ್ ಕೊಳವೆಯೊಳಗೇ ಗುನುಗುತ್ತಾ ಸುತ್ತು ಹಾಕಿ ಎಂದು ಮಾರ್ಗದರ್ಶಕಿ ಹೇಳಿದರು. ಬಾಯಿಗೆ ಬಂದ ರಾಗ ಗುನುಗಿದೆ. ಒಂದು ಡಾಲ್ಫಿನ್ ಬಂದು, ನನ್ನ ಕಣ್ಣಿನಲ್ಲಿ ಕಣ್ಣಿಟ್ಟು, ನನ್ನ ಸುತ್ತ ಸುತ್ತತೊಡಗಿತು. ನಾನು ತಿರುಗಿದಷ್ಟೂ ಅದು ವೇಗ ಹೆಚ್ಚಿಸಿತು. ಇನ್ನೊಂದು ಕಡಲಕಳೆಯ ಎಳೆಯೊಂದನ್ನು ಪಕ್ಕದ ಈಜುರೆಕ್ಕೆಗೆ ಸಿಕ್ಕಿಸಿಕೊಂಡು ಬಂತು; ಅದನ್ನು ಜಾರಿಸಿ, ಬಾಲದಲ್ಲಿ ಹಿಡಿಯಿತು. ಹಿಂದಿದ್ದ ಮೂರನೆಯದು ಅದನ್ನು ಎಗರಿಸಿಕೊಂಡು ಹೋಯಿತು. ಆ ಎಳೆಯಿಂದ ಹೊಟ್ಟೆ ತುಂಬುವುದಿಲ್ಲ. ಅದು ಬರೀ ಆಟ, ಸರದಿಯಲ್ಲಿ ಆಡುವ ಆಟ.

ಕೈ ಮಾತ್ರ ಚಾಚಬೇಡಿ, ಬೆನ್ನಟ್ಟಲೂ ಬೇಡಿ. ಬರುವುದೂ ಬಿಡುವುದೂ ಅವುಗಳ ಇಷ್ಟ. ಗುಂಪಿನಲ್ಲಿ ಮರಿಗಳಿದ್ದರೆ ನೀರಿಗಿಳಿಯುವುದನ್ನು ಅಲ್ಲಿನ ಕಾನೂನೇ ತಡೆಯುತ್ತದೆ, ಆಗ ಬೇಸರಪಡಬೇಡಿ. ಈಜು ಬಾರದವರು ದೋಣಿಯಲ್ಲೇ ಕುಳಿತು ನೋಡುವ ಟಿಕೆಟ್ ತೆಗೆಯಿರಿ. ಒಂದೇ ಡಾಲ್ಫಿನ್ ಮತ್ತೆ ಮತ್ತೆ ಚಿಮ್ಮಿ ಲಾಗ ಹಾಕುವುದು ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ದೋಣಿ ಹತ್ತುವ ಮುಂಚೆಯೇ ನುಂಗಿ. ತಲೆ ಸುತ್ತಲು ಶುರುವಾದ ಮೇಲೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಬೇಸಿಗೆಯಲ್ಲೂ ನೀರು ತಣ್ಣಗಿರುತ್ತದೆ; ಮರಳಿದ ಮೇಲೆ ತೊಡಲು ಬೆಚ್ಚನೆಯ ಬಟ್ಟೆ ಇರಲಿ.

ಹೋಗುವ ಮುನ್ನ ಈ ದೇಶದ ಹಳೆಯ ಡಾಲ್ಫಿನ್‌ಗಳ ಕಥೆ ತಿಳಿದುಕೊಳ್ಳಿ. ಪೆಲೋರಸ್ ಜ್ಯಾಕ್ 1888ರಿಂದ 1912ರವರೆಗೆ ಹಡಗುಗಳ ಜೊತೆಜೊತೆಗೆ ಈಜುತ್ತಿತ್ತು. ಅದರ ರಕ್ಷಣೆಗೆ 1904ರಲ್ಲಿ ಸರ್ಕಾರ ಆದೇಶವನ್ನೇ ಹೊರಡಿಸಿತು. ನನಗೆ ಹೆಚ್ಚು ಹಿಡಿಸಿದ್ದು ಮೋಕೋ. 2008ರಲ್ಲಿ ಮಾಹಿಯಾ ಕಡಲತೀರದಲ್ಲಿ ಪಿಗ್ಮಿ ಸ್ಪರ್ಮ್ ತಿಮಿಂಗಿಲ ತಾಯಿ ಮತ್ತು ಮರಿ ಮತ್ತೆ ಮತ್ತೆ ಮರಳಿಗೆ ಸಿಕ್ಕಿಕೊಳ್ಳುತ್ತಿದ್ದವು. ಜನ ಎಷ್ಟು ತಳ್ಳಿದರೂ ಅವಕ್ಕೆ ದಾರಿ ಸಿಗಲಿಲ್ಲ. ಜನರೊಂದಿಗೆ ಆಡಿಕೊಂಡಿದ್ದ ಮೋಕೋ ಬಂದು, ಎರಡನ್ನೂ ತೆರೆದ ಕಡಲಿಗೆ ಕರೆದೊಯ್ದಿತು.

ಮಧ್ಯಾಹ್ನವನ್ನು ಸ್ಪರ್ಮ್ ತಿಮಿಂಗಿಲಗಳಿಗೆ ಮೀಸಲಿಡಿ. ಇವುಗಳ ಮಿದುಳು ಸುಮಾರು ಎಂಟು ಕಿಲೋ, ಪ್ರಾಣಿಗಳಲ್ಲೇ ದೊಡ್ಡದು. ಆದರೆ ಆಟ ನಿರೀಕ್ಷಿಸಬೇಡಿ, ತಾಳ್ಮೆ ಇಟ್ಟುಕೊಳ್ಳಿ. ನಾಯಕ ನೀರಿಗೆ ಮೈಕ್ರೊಫೋನ್ ಇಳಿಸಿದಾಗ ಆಳದಿಂದ ಟಕ್ ಟಕ್ ಟಕ್ ಎಂಬ ಸದ್ದು ಕೇಳುತ್ತದೆ: ತಿಮಿಂಗಿಲ ಕತ್ತಲಲ್ಲಿ ಬೇಟೆ ಹುಡುಕುತ್ತಿದೆ. ಸದ್ದು ನಿಂತರೆ ಅದು ಮೇಲೆ ಬರುವ ಸೂಚನೆ, ದೋಣಿಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಮೇಲೆ ಬಂದದ್ದು ಹತ್ತು ನಿಮಿಷದಷ್ಟು ಉಸಿರಾಡುತ್ತಾ ಮರದ ದಿಮ್ಮಿಯಂತೆ ತೇಲುತ್ತದೆ. ಆ ಹೊತ್ತಿನಲ್ಲಿ ಕ್ಯಾಮೆರಾ ಕೆಳಗಿಟ್ಟು ನೋಡಿ. ಬೆನ್ನು ಬಿಲ್ಲಿನಂತೆ ಬಾಗಿದ ಕೂಡಲೇ ಕೈಗೆತ್ತಿಕೊಳ್ಳಿ. ಬಾಲ ಮೇಲೆದ್ದು ಮುಳುಗಿದರೆ, ಅದರ ಮುಂದಿನ ಉಸಿರಿಗೆ ಮುಕ್ಕಾಲು ಗಂಟೆಯಾದರೂ ಕಾಯಬೇಕಾದೀತು.