ಪತ್ರಗಳ ಮೂಲಕ ವಿಜ್ಞಾನದ ಇತಿಹಾಸ: ಡಾವಾ ಸೊಬೆಲ್

ವಿಜ್ಞಾನದ ಇತಿಹಾಸವನ್ನು ಸಾಮಾನ್ಯ ಓದುಗರಿಗಾಗಿ ಬರೆಯುವವರಲ್ಲಿ ನಾನು ಮತ್ತೆ ಮತ್ತೆ ಓದುವುದು ಡಾವಾ ಸೊಬೆಲ್ ಅವರನ್ನು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ವಿಜ್ಞಾನ ವರದಿಗಾರ್ತಿಯಾಗಿದ್ದ ಅವರಿಗೆ ದೊಡ್ಡ ಹೆಸರು ತಂದುಕೊಟ್ಟಿದ್ದು 1995ರಲ್ಲಿ ಪ್ರಕಟವಾದ ‘ಲಾಂಜಿಟ್ಯೂಡ್’. ನಡುಗಡಲಿನಲ್ಲಿ ಹಡಗಿನ ರೇಖಾಂಶವನ್ನು ಕಂಡುಹಿಡಿಯುವ ವಿಧಾನಕ್ಕೆ ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡ್‌ವರೆಗಿನ ಬಹುಮಾನ ಘೋಷಿಸಿದ್ದು, ಬಡಗಿ ವೃತ್ತಿಯಿಂದ ಬಂದ ಜಾನ್ ಹ್ಯಾರಿಸನ್ ದಶಕಗಳ ಕಾಲ ದುಡಿದು, ಅಲೆಗಳ ಹೊಯ್ದಾಟದಲ್ಲೂ ಸಮಯ ತಪ್ಪದ ಗಡಿಯಾರವನ್ನು ರೂಪಿಸಿದ್ದು ಅದರ ಕಥಾವಸ್ತು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಹೊರಟ ಬಂದರಿನ ಸಮಯ ಗೊತ್ತಿದ್ದರೆ ಸ್ಥಳೀಯ ಸಮಯದೊಂದಿಗೆ ಹೋಲಿಸಿ ರೇಖಾಂಶ ತಿಳಿಯಬಹುದು ಎಂಬ ತತ್ತ್ವ ಅಲ್ಲಿ ಕಥೆಯೊಳಗೇ ಬೆರೆತು ಬರುತ್ತದೆ.

ನನಗೆ ಅದಕ್ಕಿಂತಲೂ ಪ್ರಿಯವಾದದ್ದು 1999ರ ‘ಗೆಲಿಲಿಯೋಸ್ ಡಾಟರ್’. ಸನ್ಯಾಸಿನಿಯಾಗಿದ್ದ ಮಗಳು ಮರಿಯಾ ಚೆಲೆಸ್ತೆ ಗೆಲಿಲಿಯೋಗೆ ಬರೆದ ಪತ್ರಗಳಲ್ಲಿ 124 ಉಳಿದಿವೆ. ಅವನ್ನು ಸೊಬೆಲ್ ಇಟಾಲಿಯನ್ ಭಾಷೆಯಿಂದ ತಾವೇ ಅನುವಾದಿಸಿದರು. ತಂದೆಯ ಅಂಗಿಯ ಕಾಲರುಗಳನ್ನು ಬೆಳ್ಳಗೆ ಮಾಡಿ ಕಳಿಸಿದ ವಿಚಾರವೂ, 1633ರಲ್ಲಿ ಚರ್ಚ್ ಅವನ ಮೇಲೆ ನಡೆಸಿದ ವಿಚಾರಣೆಯ ಕಾಲದ ಆತಂಕವೂ ಒಂದೇ ಧ್ವನಿಯಲ್ಲಿ ಕೇಳಿಸುವ ಆ ಪತ್ರಗಳಿಂದ, ಗೆಲಿಲಿಯೋ ಒಬ್ಬ ತಂದೆಯಾಗಿ ನಮ್ಮೆದುರು ನಿಲ್ಲುತ್ತಾನೆ.

2016ರಲ್ಲಿ ಅವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆಕಾಶದ ಛಾಯಾಚಿತ್ರಗಳಿದ್ದ ಗಾಜಿನ ಫಲಕಗಳನ್ನು ನೋಡಿ ನಕ್ಷತ್ರಗಳನ್ನು ವರ್ಗೀಕರಿಸಿದ ಮಹಿಳೆಯರತ್ತ ತಿರುಗಿದರು.